ಬಾಗಿಲಿಂದ ರಸ್ತೆವರೆಗಿನ ಹತ್ತಡಿ

ನಾನು ಮುಂಚೆ ಇದ್ದ ಬೀದಿ ಎಷ್ಟು ಕಿರಿದು ಅಂದ್ರೆ ಎರಡು ಕಾರು ಎದುರುಬದುರಾದ್ರೆ ಒಂದು ರಿವರ್ಸ್ ಹೋಗ್ಲೇಬೇಕು, ಯಾರು ಹೋಗ್ಬೇಕು ಅನ್ನೋದಕ್ಕೆ ದಿನಾ ಒಂದು ಸಣ್ಣ ಪಂಚಾಯ್ತಿ. ಮನೆಗಳು ರಸ್ತೆಗೆ ಅಂಟಿಕೊಂಡೇ ಇದ್ವು, ಬಾಗಿಲು ತೆಗೆದ್ರೆ ಮೂರು ಮೆಟ್ಲು, ಮೆಟ್ಲು ಇಳಿದ್ರೆ ರಸ್ತೆ, ಅಷ್ಟೇ. ಸಂಜೆ ಆದ್ರೆ ಆ ಮೆಟ್ಲ ಮೇಲೆ ಯಾರಾದ್ರೂ ಕೂತಿರ್ತಿದ್ರು, ಏನೂ ಕೆಲಸ ಇರ್ಲಿಲ್ಲ, ಸುಮ್ನೆ. ಆಮೇಲೆ ಒಳ್ಳೆ ಏರಿಯಾ ಅಂತ ಹೆಸರಿದ್ದ ಕಡೆ ಮನೆ ಬದಲಾಯಿಸಿದ್ವಿ, ಅಗಲ ರಸ್ತೆ, ಆರಡಿ ಕಾಂಪೌಂಡು, ದೊಡ್ಡ ಗೇಟು, ಒಳಗೆ ಕಾರ್ ನಿಲ್ಸೋಕೆ ಜಾಗ. ಮೂರು ವರ್ಷ ಆದ್ರೂ ಪಕ್ಕದ ಮನೆಯವರ ಹೆಸರು ನಂಗೆ ಗೊತ್ತಿರ್ಲಿಲ್ಲ, ಅವರ ಕಾರಿನ ಹಾರ್ನ್ ಮಾತ್ರ ಚೆನ್ನಾಗಿ ಗೊತ್ತಿತ್ತು.

ಇಲ್ಲಿನ ಜನಕ್ಕೆ ಸ್ವಲ್ಪ ಕೊಬ್ಬು ಅಂತ ತೀರ್ಮಾನ ಮಾಡ್ಕೊಂಡಿದ್ದೆ. ಎಷ್ಟೋ ದಿನ ಆದ್ಮೇಲೆ ಹೊಳೀತು, ಅವರ ಪಾಲಿಗೆ ನಾನೂ ಕೊಬ್ಬಿನೋನೇ ಅಲ್ವಾ? ಹಳೇ ಬೀದಿಲಿ ಹತ್ತು ಜನರ ಜೊತೆ ಮಾತಾಡ್ತಿದ್ದೋನು ಇಲ್ಲಿ ಒಬ್ಬರ ಜೊತೆನೂ ಮಾತಾಡ್ತಿಲ್ಲ ಅಂದ್ರೆ ನನ್ನ ಸ್ವಭಾವ ರಾತ್ರೋರಾತ್ರಿ ಬದಲಾಯ್ತಾ, ಇಲ್ಲ ಜಾಗ ಬದಲಾಯ್ತಾ? ಆವತ್ತಿಂದ ಈ ವಿಷಯ ತಲೇಲಿ ಹುಳ ಬಿಟ್ಟ ಹಾಗೆ ಕೂತಿದೆ, ಬೀದಿಗಳ ಬಗ್ಗೆ ಸಿಕ್ಕಿದ್ದೆಲ್ಲಾ ಓದ್ತಾ ಇದೀನಿ. ಇಂಜಿನಿಯರೂ ಅಲ್ಲ ಆರ್ಕಿಟೆಕ್ಟೂ ಅಲ್ಲ, ಹಾಗಾಗಿ ತಪ್ಪಿದ್ರೆ ಬೈಕೊಳ್ಳಿ.

ಮೊದಲು ಸಿಕ್ಕಿದ್ದೇ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1969ರ ಆಸುಪಾಸಲ್ಲಿ ಮಾಡಿದ ಅಧ್ಯಯನ. ಅಕ್ಕಪಕ್ಕದ ಮೂರು ಬೀದಿ ತಗೊಂಡ್ರು, ನೋಡೋಕೆ ಮೂರೂ ಹೆಚ್ಚುಕಮ್ಮಿ ಒಂದೇ ಥರ, ದೊಡ್ಡ ವ್ಯತ್ಯಾಸ ಅಂದ್ರೆ ಟ್ರಾಫಿಕ್. ಒಂದರಲ್ಲಿ ದಿನಕ್ಕೆ ಸುಮಾರು 2000 ಗಾಡಿ, ಇನ್ನೊಂದರಲ್ಲಿ 8000, ಮೂರನೇದರಲ್ಲಿ 16000. ಗಾಡಿ ಕಮ್ಮಿ ಇದ್ದ ಬೀದಿಲಿ ಒಬ್ಬೊಬ್ಬರಿಗೂ ಅದೇ ಬೀದಿಲಿ ಸರಾಸರಿ 3 ಜನ ಸ್ನೇಹಿತರು, 6.3 ಜನ ಪರಿಚಯದೋರು. ಗಾಡಿ ಜಾಸ್ತಿ ಇದ್ದ ಬೀದಿಲಿ ಸ್ನೇಹಿತರು 0.9, ಅಂದ್ರೆ ಪೂರ್ತಿ ಒಬ್ಬನೂ ಇಲ್ಲ, ಪರಿಚಯ 3.1. ನಂಗೆ ಇದಕ್ಕಿಂತ ಜಾಸ್ತಿ ನಾಟಿದ್ದು ಅವರು ಜನಕ್ಕೆ ಕೇಳಿದ ಇನ್ನೊಂದು ಪ್ರಶ್ನೆ: ನಿಮ್ಮದು ಅಂತ ಅನಿಸೋ ಜಾಗ ಎಲ್ಲಿಂದ ಎಲ್ಲೀವರೆಗೆ, ನಕ್ಷೆ ಮೇಲೆ ಗೆರೆ ಎಳೀರಿ. ನಿಧಾನದ ಬೀದಿಯೋರು ಪೂರ್ತಿ ಬೀದಿಗೇ ಗೆರೆ ಎಳೆದ್ರು, ಗಾಡಿ ಜಾಸ್ತಿ ಇದ್ದ ಕಡೆಯವರು ತಮ್ಮ ಕಟ್ಟಡದ ಗೋಡೆಗೇ ನಿಲ್ಲಿಸಿದ್ರು, ಕೆಲವರು ಅದರೊಳಗೂ ತಮ್ಮ ಫ್ಲ್ಯಾಟಿಗಷ್ಟೇ. ಬಾಡಿಗೆ ಚೀಟಿಲಿ ಬರೆಯೋ ಚದರಡಿ ಒಂದು, ಮನಸ್ಸಲ್ಲಿರೋ ಚದರಡಿ ಇನ್ನೊಂದು ಅಂತ ಇದನ್ನ ಓದಿದ ದಿನ ಅನಿಸ್ತು. ಈ ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರೊಂದು ಗುದ್ದಿ ತೀರಿಕೊಂಡ್ರು. ಇದಕ್ಕೆ ಏನ್ ಹೇಳ್ಬೇಕೋ ಗೊತ್ತಾಗಲ್ಲ.

ಆದ್ರೆ ಟ್ರಾಫಿಕ್ ಒಂದೇ ಕಾರಣ ಅಂದ್ರೆ ನಮ್ಮ ಹೊಸ ರಸ್ತೆ ಲೆಕ್ಕಕ್ಕೆ ಸಿಗಲ್ಲ, ಯಾಕಂದ್ರೆ ಅಲ್ಲಿ ಗಾಡಿನೂ ಅಷ್ಟಿಲ್ಲ, ಮಧ್ಯಾಹ್ನ ಹೋದ್ರೆ ನಾಯಿ ರಸ್ತೆ ಮಧ್ಯೆ ಮಲಗಿರುತ್ತೆ. ಅಲ್ಲಿ ಕೊರತೆ ಇರೋದು ಬಾಗಿಲುಗಳದ್ದು. ಒಂದ್ಸಲ ನಿಂತು ಎಣಿಸಿದೀನಿ, ನೂರು ಮೀಟರಲ್ಲಿ ನಾಲ್ಕು ಗೇಟು, ಮಿಕ್ಕಿದ್ದೆಲ್ಲ ಗೋಡೆ. ಡೆನ್ಮಾರ್ಕ್‌ನ ಆರ್ಕಿಟೆಕ್ಟ್ ಯಾನ್ ಗೆಲ್ ಇದರ ಬಗ್ಗೆ ಜೀವಮಾನ ಪೂರ್ತಿ ಕೆಲಸ ಮಾಡಿದಾರೆ, ನಡೆಯೋರಿಗೆ ಹಿತವಾದ ಬೀದಿಲಿ ನೂರು ಮೀಟರಿಗೆ 15ರಿಂದ 20 ಬಾಗಿಲು ಇರ್ಬೇಕು ಅಂತಾರೆ. ನೀವೇ ಲೆಕ್ಕ ಹಾಕಿ ನೋಡಿ, ನಾವು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೀತೀವಿ, ನೂರು ಮೀಟರಿಗೆ 72 ಸೆಕೆಂಡು, 15-20 ಬಾಗಿಲಿದ್ರೆ ನಾಲ್ಕೈದು ಸೆಕೆಂಡಿಗೊಮ್ಮೆ ಕಣ್ಣಿಗೆ ಏನಾದ್ರೂ ಹೊಸದು ಸಿಗುತ್ತೆ, ಒಂದು ಕಿಟಕಿ, ಒಂದು ಬೋರ್ಡು, ಒಂದು ಬೆಕ್ಕು. ನಾಲ್ಕೇ ಗೇಟಿದ್ರೆ ಹದಿನೆಂಟು ಸೆಕೆಂಡು ಬರೀ ಗೋಡೆ. ಹದಿನೆಂಟು ಸೆಕೆಂಡು ಏನ್ ಮಹಾ ಅನಿಸ್ಬೋದು, ಗೋಡೆ ಪಕ್ಕ ರಾತ್ರಿ ಒಬ್ಬರೇ ನಡೆದು ನೋಡಿ ಆಮೇಲೆ ಹೇಳಿ.

ಗಂಟೆಗೆ 50ರಲ್ಲಿ ಹೋಗೋನಿಗೆ ಇದ್ಯಾವುದೂ ಕಾಣೋದೇ ಇಲ್ಲ, ಅವನಿಗೆ ದೊಡ್ಡ ಬೋರ್ಡು, ದೊಡ್ಡ ಕಟ್ಟಡ, ಅಗಲವಾದ ಖಾಲಿ ಜಾಗ ಬೇಕು. ಈಗಿನ ಎಷ್ಟೋ ಏರಿಯಾಗಳನ್ನ ಕಾರಿನ ಕಿಟಕಿಯಿಂದ ನೋಡೋರಿಗೋಸ್ಕರನೇ ಕಟ್ಟಿದಾರೆ ಅನಿಸುತ್ತೆ, ಕಂಪ್ಯೂಟರಲ್ಲಿ ಮಾಡಿದ ಚಿತ್ರದಲ್ಲಿ ಚೆಂದ ಕಾಣುತ್ತೆ, ಚಿತ್ರದಲ್ಲಿ ಬಲೂನ್ ಹಿಡ್ಕೊಂಡ ಮಗು ಬೇರೆ ಇರುತ್ತೆ, ಕಟ್ಟಿ ಮುಗಿಸಿದ್ಮೇಲೆ ಆ ಮಗು ಎಲ್ಲಿ ಹೋಗುತ್ತೋ ಗೊತ್ತಿಲ್ಲ.

ಇನ್ನೊಂದು ನಂಗೆ ಸಿಟ್ಟು ಬರಿಸೋ ವಿಷಯ ಅಂದ್ರೆ ನೆಲಮಟ್ಟದ ಪಾರ್ಕಿಂಗ್. ಕೆಳಗಡೆ ಬರೀ ಕಂಬ, ಕಂಬದ ಮಧ್ಯೆ ಕಾರು, ಮನೆಗಳೆಲ್ಲ ಅದರ ಮೇಲೆ. ಕಟ್ಟಡ ಎಷ್ಟೇ ಚೆನ್ನಾಗಿರ್ಲಿ, ರಸ್ತೆಲಿ ನಡೆಯೋನ ಕಣ್ಣಿನ ಎತ್ತರಕ್ಕೆ ಸಿಗೋದು ಬಂಪರ್ ಮತ್ತೆ ನಂಬರ್ ಪ್ಲೇಟು. ನೆಲಮಹಡಿ ಕಿಟಕಿಲಿ ಒಂದು ಮುಖ ಇದ್ರೆ ಆ ಬೀದಿಲಿ ಕಾವಲು ತಾನಾಗೇ ಇರುತ್ತೆ, ಯಾರು ಹೋದ್ರು ಯಾರು ಬಂದ್ರು ಅಂತ ಯಾರೋ ಒಬ್ಬರು ನೋಡ್ತಾ ಇರ್ತಾರೆ, ಅದನ್ನ ತೆಗೆದುಹಾಕಿ ಅದರ ಬದಲಿಗೆ ಕ್ಯಾಮೆರಾ ಹಾಕ್ತೀವಿ. ಕ್ಯಾಮೆರಾ ರೆಕಾರ್ಡ್ ಮಾಡ್ಕೊಳ್ಳುತ್ತೆ ಸರಿ, ಬಿದ್ದೋರನ್ನ ಎತ್ತಲ್ಲ. ನಮ್ಮ ಹಳೇ ಬೀದಿಲಿ ಎದುರು ಮನೆ ಅಜ್ಜಿ ನಾನು ತಡವಾಗಿ ಬಂದ ದಿನ ಎಷ್ಟು ಗಂಟೆಗೆ ಬಂದೆ ಅಂತ ನನಗಿಂತ ಕರೆಕ್ಟಾಗಿ ಹೇಳೋರು. ಆಗ ಕಿರಿಕಿರಿ ಆಗ್ತಿತ್ತು ಅನ್ನೋದೂ ನಿಜ, ಸುಳ್ಳು ಹೇಳಲ್ಲ. ಜನ ಇರೋ ಬೀದಿ ಅಂದ್ರೆ ಮೂಗು ತೂರಿಸೋರೂ ಇರೋ ಬೀದಿ.

ಈಗ ಮೂಲೆಗಳ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಇದರ ಬಗ್ಗೆ ಜನ ಮಾತಾಡೋದೇ ಕಮ್ಮಿ. ಎರಡು ಬೀದಿ ಸೇರೋ ಕಡೆ ಗುರುತಿನೋರು ಆಕಸ್ಮಿಕವಾಗಿ ಸಿಗ್ತಾರೆ, ಅಲ್ಲೇ ನಿಂತು ಮಾತಾಡ್ತೀವಿ, ಅಂಗಡಿನೂ ಅಲ್ಲೇ ಚೆನ್ನಾಗಿ ನಡೆಯುತ್ತೆ. ಒಂದು ಏರಿಯಾದಲ್ಲಿ ಎಷ್ಟು ಮೂಲೆ ಇರುತ್ತೆ ಅನ್ನೋದು ಬ್ಲಾಕ್, ಅಂದ್ರೆ ಸುತ್ತ ನಾಲ್ಕು ರಸ್ತೆ ಇರೋ ಕಟ್ಟಡಗಳ ಚೌಕ, ಎಷ್ಟುದ್ದ ಅನ್ನೋದರ ಮೇಲೆ ಹೋಗುತ್ತೆ. ಅಮೆರಿಕದಲ್ಲೇ ಎರಡು ಊರು ನೋಡಿ. ಸಾಲ್ಟ್ ಲೇಕ್ ಸಿಟಿಯ ಹಳೇ ಭಾಗದಲ್ಲಿ ಒಂದು ಬ್ಲಾಕ್ 660 ಅಡಿ, ರಸ್ತೆ ಅಗಲ 132 ಅಡಿ. ಪೋರ್ಟ್‌ಲ್ಯಾಂಡ್‌ನ ಮಧ್ಯಭಾಗದಲ್ಲಿ ಬ್ಲಾಕ್ ಬರೀ 200 ಅಡಿ. ರಸ್ತೆನೂ ಸೇರಿಸಿ ಲೆಕ್ಕ ಹಾಕಿದ್ರೆ ಸಾಲ್ಟ್ ಲೇಕ್‌ನ ಒಂದು ಬ್ಲಾಕಲ್ಲಿ ಪೋರ್ಟ್‌ಲ್ಯಾಂಡ್‌ನ ಒಂಬತ್ತು ಬ್ಲಾಕ್ ಹಿಡಿಸುತ್ತೆ. ಒಂದು ಕಡೆ ತಿರುವು ಸಿಗೋಕೆ ಇನ್ನೂರು ಮೀಟರ್ ನಡೀಬೇಕು, ಇನ್ನೊಂದು ಕಡೆ ಅರವತ್ತು ಮೀಟರಿಗೇ ಎಡಕ್ಕೆ ಹೋಗ್ಲಾ ಬಲಕ್ಕೆ ಹೋಗ್ಲಾ ಅನ್ನೋ ಆಯ್ಕೆ. ಅದೇ ಕೆಲಸಕ್ಕೆ ಅದೇ ದಾರಿಲಿ ದಿನಾ ಹೋಗೋದಕ್ಕೂ, ಇವತ್ತು ಈ ಕಡೆಯಿಂದ ಹೋಗೋಣ ಅನ್ನೋದಕ್ಕೂ ಇರೋ ವ್ಯತ್ಯಾಸ ಅದು.

ಮೂಲೆ ಅಂದ್ರೆ ಬಾರ್ಸಿಲೋನಾ ಬಿಟ್ಟು ಮಾತಾಡೋಕೆ ಆಗಲ್ಲ. ಅಲ್ಲಿ ಹಳೇ ಊರಿನ ಗೋಡೆ ಒಡೆದ್ಮೇಲೆ ಇಲ್ದೆಫೊನ್ಸ್ ಸೆರ್ದಾ ಅನ್ನೋ ಇಂಜಿನಿಯರ್ ಹೊಸ ಬಡಾವಣೆಗೆ ಪ್ಲಾನ್ ಹಾಕಿದ, 1859ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ತು. ಬ್ಲಾಕ್ ಒಂದೊಂದು ಬದಿ 113.3 ಮೀಟರ್, ರಸ್ತೆ 20 ಮೀಟರ್, ನಾಲ್ಕೂ ಮೂಲೆನ ಓರೆಯಾಗಿ ಕತ್ತರಿಸಿಬಿಟ್ಟ, ಹಾಗಾಗಿ ಪ್ರತಿ ಜಂಕ್ಷನ್ನೂ ಎಂಟು ಮೂಲೆಯ ಸಣ್ಣ ಮೈದಾನದ ಥರ ಕಾಣುತ್ತೆ. ಅವನ ತಲೇಲಿ ಇದ್ದಿದ್ದು ಮುಂದೆ ಬರೋ ಉಗಿಬಂಡಿ, ಅವು ತಿರುಗೋಕೆ ಸಲೀಸಾಗ್ಲಿ, ಎದುರಿಂದ ಬರೋದು ಕಾಣ್ಲಿ ಅಂತ. ಉಗಿಬಂಡಿ ಅಲ್ಲೆಲ್ಲ ಓಡ್ಲೇ ಇಲ್ಲ, ಆ ಮೂಲೆಗಳು ಮಾತ್ರ ಉಳ್ಕೊಂಡ್ವು, ಆಮೇಲೆ ಕಾರುಗಳು ಬಂದು ಅಲ್ಲಿ ನಿಂತ್ಕೊಂಡ್ವು, ಈಗ ಕೆಲವು ಕಡೆ ಕಾರುಗಳನ್ನ ತೆಗೆಸಿ ಬೆಂಚು, ಗಿಡ ಹಾಕಿದಾರೆ. ಸೆರ್ದಾ ಬ್ಲಾಕಿನ ಎರಡೇ ಬದಿ ಕಟ್ಟಡ ಕಟ್ಟಿ, ಮಧ್ಯೆ ತೋಟ ಬಿಡಿ ಅಂದಿದ್ದ. ಜಾಗದ ಬೆಲೆ ಏರ್ತಾ ಏರ್ತಾ ನಾಲ್ಕೂ ಬದಿ ಕಟ್ಟಿದ್ರು, ತೋಟದ ಜಾಗದಲ್ಲೂ ಶೆಡ್ಡು, ಗೋದಾಮು ಎದ್ವು. ಪ್ಲಾನು ಕಾಗದದ ಮೇಲೆ ಎಷ್ಟೇ ಗಟ್ಟಿಯಾಗಿದ್ರೂ ಜಾಗದ ಬೆಲೆ ಮುಂದೆ ಅದು ಮೆತ್ತಗೆ.

ಅಲ್ಲೇ 2016ರಲ್ಲಿ ಪೊಬ್ಲೆನೌ ಅನ್ನೋ ಏರಿಯಾದಲ್ಲಿ ಒಂಬತ್ತು ಬ್ಲಾಕ್ ಸೇರಿಸಿ ಒಂದು ಸೂಪರ್‌ಬ್ಲಾಕ್ ಮಾಡಿದ್ರು, ಅಲ್ಲಿರೋರ ಗಾಡಿ ಬಿಟ್ರೆ ಬೇರೆ ಗಾಡಿ ಒಳಗಿಂದ ಅಡ್ಡ ಹಾಯೋ ಹಾಗಿಲ್ಲ. ಶುರುವಲ್ಲಿ ಅಲ್ಲಿನ ಜನಾನೇ ಬೀದಿಗಿಳಿದು ವಿರೋಧ ಮಾಡಿದ್ರು. ನಂಗೆ ಅವರ ಮೇಲೆ ಸಿಟ್ಟಿಲ್ಲ, ನಾಳೆ ನನ್ನ ಮನೆ ಮುಂದೆ ಏಕಾಏಕಿ ಬಂದು ಬಣ್ಣ ಬಳಿದು ದಾರಿ ಮುಚ್ಚಿದ್ರೆ ನಾನೂ ಕೂಗಾಡ್ತೀನಿ.

ಮೂಲೆಗಳೇ ಇಲ್ಲದ ಊರು ಅಂತ ಜನ ಆಡ್ಕೊಳ್ಳೋದು ಬ್ರೆಸಿಲಿಯಾನ. 1960ರಲ್ಲಿ ಉದ್ಘಾಟನೆ ಆದ ಬ್ರೆಜಿಲ್‌ನ ರಾಜಧಾನಿ, ಲೂಸಿಯೊ ಕೋಸ್ಟಾ ಪ್ಲಾನ್ ಹಾಕಿದ್ದು, ದೊಡ್ಡ ಕಟ್ಟಡಗಳು ಆಸ್ಕರ್ ನಿಮೆಯರ್‌ದು. ಅಲ್ಲಿ ಮನೆಗಳಿರೋ ಸೂಪರ್‌ಕ್ವಾಡ್ರಾ ಅನ್ನೋ ದೊಡ್ಡ ಬ್ಲಾಕ್‌ಗಳ ಮಧ್ಯೆ ಸಣ್ಣ ಅಂಗಡಿ ಸಾಲು ಕೊಟ್ಟಿದ್ರು, ಮತ್ತೆ ಅಂಗಡಿ ಮುಖ ಇರ್ಬೇಕಾಗಿದ್ದು ಒಳಗಡೆ ಹಸಿರಿನ ಕಡೆಗೆ, ರಸ್ತೆ ಕಡೆ ಇರೋದು ಲಾರಿಯಿಂದ ಸಾಮಾನು ಇಳಿಸೋ ಹಿಂಬಾಗಿಲು. ಅಂಗಡಿಯೋರು ಏನ್ ಮಾಡಿದ್ರು ಗೊತ್ತಾ, ಹಿಂಬಾಗಿಲನ್ನೇ ಮುಂಬಾಗಿಲು ಮಾಡ್ಕೊಂಡ್ರು, ಬೋರ್ಡು ರಸ್ತೆ ಕಡೆ ಹಾಕಿದ್ರು, ಹಸಿರಿನ ಕಡೆ ಬಾಗಿಲು ಎಷ್ಟೋ ಕಡೆ ಮುಚ್ಚೇ ಹೋಯ್ತು. ಬೀದಿ ಅನ್ನೋದೇ ಬೇಡ ಅಂತ ಪ್ಲಾನ್ ಮಾಡಿದ ಊರಲ್ಲಿ ಜನ ತಾವೇ ಬೀದಿ ಹುಟ್ಟಿಸ್ಕೊಂಡ್ರು. ಈ ಕಥೆ ಓದಿದಾಗೆಲ್ಲ ನಂಗೆ ಒಂಥರಾ ಖುಷಿ.

ಕಟ್ಟಡದ ಎತ್ತರದ ಬಗ್ಗೆ ಸ್ವಲ್ಪ. ಪ್ಯಾರಿಸ್‌ನಲ್ಲಿ ಹೌಸ್ಮನ್ ಅನ್ನೋ ಅಧಿಕಾರಿ ಊರನ್ನ ಹೊಸದಾಗಿ ಕಟ್ಟಿಸಿದ ಕಾಲದಲ್ಲಿ, ಅಂದ್ರೆ 1853ರಿಂದ 1870, ಕಟ್ಟಡದ ಎತ್ತರನ ರಸ್ತೆ ಅಗಲಕ್ಕೆ ಕಟ್ಟಿಹಾಕಿದ್ರು, 20 ಮೀಟರ್ ಅಗಲದ ರಸ್ತೆಗೆ ಗೋಡೆ 20 ಮೀಟರ್, ಅದಕ್ಕೇ ಅಲ್ಲಿ ನಿಂತ್ರೆ ದೊಡ್ಡ ಕೋಣೆಲಿ ನಿಂತ ಹಾಗೆ ಅನಿಸೋದು. ಅದಕ್ಕಿಂತ ಮಜಾ ಇರೋದು ಒಳಗಡೆ. ಲಿಫ್ಟ್ ಇಲ್ಲದ ಕಾಲ ಅಲ್ವಾ, ಸಾಹುಕಾರರು ಮೆಟ್ಲು ಕಮ್ಮಿ ಇರೋ ಕೆಳಗಿನ ಮಹಡಿಲಿ, ಮೇಲೆ ಹೋದ ಹಾಗೆ ದುಡ್ಡು ಕಮ್ಮಿ, ಛಾವಣಿ ಕೆಳಗೆ ಮನೆಕೆಲಸದೋರು. ಒಂದೇ ಬಾಗಿಲು, ಒಂದೇ ವಿಳಾಸ. ಸಮಾನತೆ ಏನೂ ಇರ್ಲಿಲ್ಲ ಬಿಡಿ, ಕೆಲಸದೋರಿಗೆ ಹಿಂದಿನ ಮೆಟ್ಲೇ ಬೇರೆ, ಆದ್ರೂ ಬೀದಿಲಿ ಎಲ್ಲರೂ ಎಲ್ಲರನ್ನೂ ನೋಡ್ತಿದ್ರು. ಲಿಫ್ಟ್ ಬಂತು, ಮೇಲಿನ ಮಹಡಿಗೇ ಬೆಲೆ ಬಂತು, ಗಾಳಿ, ಬೆಳಕು, ನೋಟ ಅಂತ. ಒಂದು ಯಂತ್ರ ಬಂದು ಪೂರ್ತಿ ಕಟ್ಟಡದ ಅಂತಸ್ತನ್ನ ತಲೆಕೆಳಗು ಮಾಡಿಬಿಡ್ತು.

ಲಿಫ್ಟ್ ಅಂದಾಗ ಇನ್ನೊಂದು ನೆನಪಾಗುತ್ತೆ, ಅಮೆರಿಕದ ಸೇಂಟ್ ಲೂಯಿಸ್ ಊರಿನ ಪ್ರೂಯಿಟ್-ಐಗೋ. ಬಡವರಿಗೆ ಅಂತ 1950ರ ದಶಕದಲ್ಲಿ ಕಟ್ಟಿದ 11 ಮಹಡಿಯ 33 ಕಟ್ಟಡ, ವಿನ್ಯಾಸ ಮಿನೊರು ಯಮಸಾಕಿ. ಖರ್ಚು ಉಳಿಸೋಕೆ ಲಿಫ್ಟು 1, 4, 7, 10ನೇ ಮಹಡಿಲಿ ಮಾತ್ರ ನಿಲ್ತಿತ್ತು, ಆ ಮಹಡಿಗಳ ಉದ್ದ ಮೊಗಸಾಲೆಲಿ ಮಕ್ಕಳು ಆಡ್ತಾರೆ, ಅಮ್ಮಂದಿರು ಮಾತಾಡ್ತಾರೆ ಅಂತ ಅಂದಾಜು. ಆಗಿದ್ದು ಉಲ್ಟಾ, ಯಾರ ಮನೆಯೂ ನೇರ ಕಾಣದ ಆ ಮೊಗಸಾಲೆ, ಮೆಟ್ಲು ಯಾರದ್ದೂ ಅಲ್ಲದ ಜಾಗ ಆಗಿ ಜನ ಅಲ್ಲಿ ಓಡಾಡೋಕೇ ಹೆದರೋ ಹಾಗಾಯ್ತು. 1972ರಲ್ಲಿ ಕೆಡವೋಕೆ ಶುರು ಮಾಡಿದ್ರು. ಕಟ್ಟಡ ಕೆಟ್ಟದಿತ್ತು, ಅದಕ್ಕೇ ಜನ ಕೆಟ್ರು ಅಂತ ಇದನ್ನ ಉದಾಹರಣೆ ಕೊಡೋರು ಬಹಳ ಜನ, ನಾನು ಅಲ್ಲೀವರೆಗೂ ಹೋಗಲ್ಲ. ರಿಪೇರಿ ಖರ್ಚನ್ನೆಲ್ಲ ಬಡವರ ಬಾಡಿಗೆಯಿಂದಲೇ ಹುಟ್ಟಿಸ್ಬೇಕಿತ್ತು, ಊರಿಂದ ಜನ, ಕೆಲಸ ಎರಡೂ ಖಾಲಿ ಆಗ್ತಿತ್ತು, ಕರಿಯರನ್ನ ಬೇರೆ ಏರಿಯಾಗಳಿಗೆ ಸೇರಿಸ್ತಿರ್ಲಿಲ್ಲ. ಲಿಫ್ಟ್ ಎಲ್ಲಾ ಮಹಡಿಲೂ ನಿಂತಿದ್ರೆ ಎಲ್ಲಾ ಸರಿ ಇರ್ತಿತ್ತು ಅಂತ ಅಂದ್ರೆ ಅದು ತಮಾಷೆ. ಅದೇ ಎತ್ತರದ ಕಟ್ಟಡದಲ್ಲಿ ದುಡ್ಡಿರೋರು ಜಗತ್ತಿನ ತುಂಬ ಆರಾಮಾಗಿ ಇದಾರಲ್ಲ, ಅವರ ಲಿಫ್ಟು ಕೆಟ್ರೆ ಅದೇ ದಿನ ರಿಪೇರಿ ಆಗುತ್ತೆ.

ಸರಿ, ಕೂರೋ ವಿಷಯ. ನ್ಯೂಯಾರ್ಕ್‌ನಲ್ಲಿ 1961ರಲ್ಲಿ ಒಂದು ನಿಯಮ ಬಂತು, ಕಟ್ಟಡದ ಮುಂದೆ ಸಾರ್ವಜನಿಕರಿಗೆ ಪ್ಲಾಜಾ, ಅಂದ್ರೆ ತೆರೆದ ಅಂಗಳ, ಬಿಟ್ರೆ, ದಟ್ಟ ವಲಯಗಳಲ್ಲಿ ಒಂದು ಚದರಡಿಗೆ ಹತ್ತು ಚದರಡಿ ಹೆಚ್ಚಿಗೆ ಕಟ್ಕೊಳ್ಳಿ ಅಂತ. ಬಿಲ್ಡರ್‌ಗಳು ಬಿಡ್ತಾರಾ, ಊರು ತುಂಬ ಪ್ಲಾಜಾ ಬಂತು, ಸುಮಾರು ಕಡೆ ಬರೀ ಕಾಂಕ್ರೀಟು, ಒಂದು ನರಪಿಳ್ಳೆ ಇಲ್ಲ. ವಿಲಿಯಂ ವೈಟ್ ಅನ್ನೋರು ಕ್ಯಾಮೆರಾ ಇಟ್ಕೊಂಡು ಈ ಪ್ಲಾಜಾಗಳನ್ನ ವರ್ಷಗಟ್ಟಲೆ ಗಮನಿಸಿದ್ರು, ಯಾಕೆ ಒಂದು ತುಂಬಿರುತ್ತೆ, ಇನ್ನೊಂದು ಖಾಲಿ. ಬಿಸಿಲು, ಆಕಾರ, ಚೆಂದ ಎಲ್ಲಾ ನೋಡಿ ಕೊನೆಗೆ ಸಿಕ್ಕ ಮುಖ್ಯ ಉತ್ತರ ಎಷ್ಟು ಸಪ್ಪೆ ಅಂದ್ರೆ, ಕೂರೋಕೆ ಜಾಗ ಇದ್ದ ಕಡೆ ಜನ ಕೂತ್ಕೋತಾರೆ. ಸಪ್ಪೆ ಅನಿಸಿದ್ರೂ ಇದನ್ನ ಸಾಬೀತು ಮಾಡಿದ್ಮೇಲೇ 1975ರಲ್ಲಿ ನಿಯಮ ತಿದ್ದಿ, ಪ್ಲಾಜಾದಲ್ಲಿ ಇಷ್ಟು ಜಾಗಕ್ಕೆ ಇಷ್ಟು ಅಡಿ ಕೂರೋ ಕಟ್ಟೆ ಇರ್ಲೇಬೇಕು ಅಂತ ಬರೆದಿದ್ದು. ಅದೇ ಊರಲ್ಲಿ 1967ರಲ್ಲಿ ತೆರೆದ ಪೇಲಿ ಪಾರ್ಕ್ ಇದೆ, ಬರೀ 4200 ಚದರಡಿ, ಒಂದು ಗೋಡೆಯಷ್ಟಗಲ ನೀರು ಧುಮುಕುತ್ತೆ, ಮತ್ತೆ ಅಲ್ಲಿನ ಕುರ್ಚಿಗಳನ್ನ ನೆಲಕ್ಕೆ ಬೋಲ್ಟ್ ಹಾಕಿಲ್ಲ. ಎತ್ತಿ ಎಲ್ಲಿ ಬೇಕಾದ್ರೂ ಹಾಕ್ಕೋಬೋದು. ಜನ ಕೂರೋಕೆ ಮುಂಚೆ ಕುರ್ಚಿನ ನಾಲ್ಕಿಂಚು ಆ ಕಡೆ ಈ ಕಡೆ ಸರಿಸ್ತಾರೆ, ಸುಮಾರು ಸಲ ಮೊದಲಿದ್ದ ಜಾಗಕ್ಕೇ ವಾಪಸ್, ಇದನ್ನ ವೈಟ್ ಗಮನಿಸಿದ್ರು. ನಾನೂ ಅದನ್ನೇ ಮಾಡ್ತೀನಿ ಅಂತ ಓದಿದ್ಮೇಲೆ ಗೊತ್ತಾಯ್ತು. ಕಟ್ಟೆ ಮೇಲೆ ಯಾರೂ ಕೂರಬಾರ್ದು ಅಂತ ಕಬ್ಬಿಣದ ಮುಳ್ಳು ಹಾಕ್ತಾರಲ್ಲ ಕೆಲವರು, ಅವರ ಬಗ್ಗೆ ಮಾತಾಡಿದ್ರೆ ಭಾಷೆ ಕೆಡುತ್ತೆ.

ಕಿರಿದಾದ ಬೀದಿ ಅಂದ್ರೆ ಕೊಳಕು, ಇಕ್ಕಟ್ಟು, ಹಿಂದುಳಿದಿರೋದು ಅನ್ನೋ ನಂಬಿಕೆ ಒಂದಿದೆ. ಟೋಕಿಯೋದ ವಸತಿ ಏರಿಯಾಗಳಲ್ಲಿ ನಾಲ್ಕು ಮೀಟರ್ ಅಗಲದ ಬೀದಿ ತೀರಾ ಸಾಮಾನ್ಯ, ಅದಕ್ಕಿಂತ ಕಿರಿದೂ ಇದಾವೆ, ಫುಟ್‌ಪಾತ್ ಕೂಡ ಇರಲ್ಲ, ಆದ್ರೂ ಮಕ್ಕಳು, ಮುದುಕರು, ಸೈಕಲ್ಲು ಎಲ್ಲಾ ರಸ್ತೆ ಮಧ್ಯೆನೇ. ಗುಟ್ಟು ಏನಂದ್ರೆ ಅಲ್ಲಿ 1962ರ ಕಾನೂನೊಂದಿದೆ, ಕಾರು ನಿಲ್ಸೋಕೆ ನಿಂದೇ ಜಾಗ ಇದೆ ಅಂತ ತೋರಿಸ್ಬೇಕು, ರಾತ್ರಿ ಬೀದಿಲಿ ಬಿಟ್ಟು ಹೋಗೋ ಹಾಗಿಲ್ಲ. ನಿಂತ ಕಾರು ಇಲ್ಲದಿದ್ರೆ ನಾಲ್ಕು ಮೀಟರ್ ಬೇಕಾದಷ್ಟಾಯ್ತು, ಮನೆ ಮುಂದೆ ಉಳಿದ ಒಂದೂವರೆ ಅಡಿಲಿ ಜನ ಹೂಕುಂಡ ಇಟ್ಕೋತಾರೆ. ಇನ್ನೊಂದು, ತೀರಾ ಕಟ್ಟುನಿಟ್ಟಿನ ವಸತಿ ವಲಯದಲ್ಲೂ ಮನೆ ಜೊತೆ 50 ಚದರ ಮೀಟರ್‌ವರೆಗೆ ಸಣ್ಣ ಅಂಗಡಿ ಇಟ್ಕೋಬೋದು. ಬೇರೆ ಎಷ್ಟೋ ದೇಶಗಳಲ್ಲಿ ಮನೆ ಇರೋ ಕಡೆ ಅಂಗಡಿ ಬೇಡ ಅಂತ ಗೆರೆ ಎಳೆದು, ಆಮೇಲೆ ಒಂದು ಪೆನ್ಸಿಲ್ ತರೋಕೂ ಕಾರ್ ತೆಗೀಬೇಕು ಅನ್ನೋ ಸ್ಥಿತಿಗೆ ತಂದ್ಕೊಂಡ್ರು.

ರಸ್ತೆ ಅಗಲ ಮಾಡಿ ಅನ್ನೋರು ಯಾವಾಗ್ಲೂ ಬಿಡೋ ಬಾಣ ಫೈರ್ ಇಂಜಿನ್ನು. ಅದು ಸುಳ್ಳು ವಾದ ಅಂತ ನಾನು ಹೇಳಲ್ಲ, ಬೆಂಕಿ ಬಿದ್ದಾಗ ಗಾಡಿ ಬರ್ಲೇಬೇಕು. ಆದ್ರೆ ದೊಡ್ಡ ಗಾಡಿ ಸಲೀಸಾಗಿ ತಿರುಗ್ಲಿ ಅಂತ ಮೂಲೆನ ದುಂಡಗೆ ಮಾಡಿದಾಗ ಮಿಕ್ಕ ದಿನ ಪೂರ್ತಿ ಎಲ್ಲಾ ಕಾರೂ ಬ್ರೇಕ್ ಮುಟ್ಟದೇ ಅದೇ ಮೂಲೆಲಿ ತಿರುಗುತ್ವೆ, ಅದರ ಲೆಕ್ಕ ಯಾರೂ ಹಾಕಲ್ಲ. ಡ್ರೈವರ್ ಬೋರ್ಡ್ ಓದಲ್ಲ, ರಸ್ತೆನ ಓದ್ತಾನೆ, ಅಗಲ ನೇರ ಕಂಡ್ರೆ ಕಾಲು ತಾನಾಗೇ ಒತ್ತುತ್ತೆ. ಡಚ್ಚರು ಇದನ್ನ ಮೊದಲು ಹಿಡಿದ್ರು, ಡೆಲ್ಫ್ಟ್ ಊರಲ್ಲಿ ರಸ್ತೆ ಮಧ್ಯೆ ಗಿಡ, ಸೊಟ್ಟ ತಿರುವು, ಕಲ್ಲು ಹಾಸು ಎಲ್ಲಾ ಮಾಡಿ ಗಾಡಿಗಳೇ ಅತಿಥಿ ಥರ ಮೆಲ್ಲಗೆ ಬರೋ ಹಾಗೆ ಮಾಡಿದ್ರು, ವೋನೆರ್ಫ್ ಅಂತ ಹೆಸರು, 1976ರಲ್ಲಿ ಅದಕ್ಕೆ ದೇಶದ ಕಾನೂನಲ್ಲೇ ಜಾಗ ಸಿಕ್ತು.

ಇಷ್ಟೆಲ್ಲಾ ಹೇಳಿದ್ಮೇಲೂ ನಂಗೆ ಬಗೆಹರಿಯದ ಒಂದು ತಲೆನೋವು ಇದೆ. ಬೀದಿ ಚೆನ್ನಾಗಿ ಮಾಡಿದ್ರೆ ಬಾಡಿಗೆ ಏರುತ್ತೆ. ನ್ಯೂಯಾರ್ಕ್‌ನಲ್ಲಿ ಹಳೇ ರೈಲು ಸೇತುವೆ ಮೇಲೆ ಹೈ ಲೈನ್ ಅಂತ ತೋಟ ಮಾಡಿ 2009ರಲ್ಲಿ ತೆರೆದ್ರು, ಸುತ್ತಮುತ್ತ ಏನಾಯ್ತು ಅಂತ ಎಲ್ಲರಿಗೂ ಗೊತ್ತು, ಐಷಾರಾಮಿ ಫ್ಲ್ಯಾಟು ಎದ್ವು, ಸಣ್ಣ ವರ್ಕ್‌ಶಾಪು, ಗ್ಯಾರೇಜು ಜಾಗ ಖಾಲಿ ಮಾಡಿದ್ವು. ಮೆಟ್ಲ ಮೇಲೆ ಕೂತು ಬೀದಿಗೆ ಜೀವ ತುಂಬಿದೋರೇ ಅಲ್ಲಿರೋಕೆ ಆಗ್ದೇ ಹೊರಡ್ತಾರೆ, ಮೆಟ್ಲ ಚೆಂದ ನೋಡಿ ಬಂದೋರು ಅದರ ಮೇಲೆ ಕೂರಲ್ಲ. ಹಾಗಂತ ಬೀದಿ ಕೆಟ್ಟದಾಗೇ ಇರ್ಲಿ ಅನ್ನೋಕಾಗುತ್ತಾ? ಒಳ್ಳೆ ಬೀದಿ ಅಪರೂಪ ಆಗಿರೋದ್ರಿಂದಲೇ ದುಬಾರಿ ಅಂತ ಒಂದು ವಾದ ಇದೆ, ಅರ್ಧ ಒಪ್ತೀನಿ.

ನಮ್ಮ ಮನೆ ಕಥೆ ಪೂರ್ತಿ ಹೇಳ್ಲಿಲ್ಲ. ಹೋದ ವರ್ಷ ರಾತ್ರಿ ಯಾವುದೋ ಲಾರಿ ರಿವರ್ಸ್ ತಗೊಳ್ವಾಗ ಕಾಂಪೌಂಡಿಗೆ ಗುದ್ದಿ ಅರ್ಧ ಗೋಡೆ ಬಿತ್ತು. ಓನರ್ ಬೇರೆ ಊರಲ್ಲಿ, ಇವತ್ತು ನಾಳೆ ಅಂತ ಎರಡು ತಿಂಗಳು ಹೋಯ್ತು. ಗೋಡೆ ಇಲ್ಲದ ಮೊದಲ ವಾರ ಬಟ್ಟೆ ಬಿಚ್ಚಿಟ್ಟ ಹಾಗೆ ನಾಚಿಕೆ, ವರಾಂಡಕ್ಕೆ ಬರೋಕೂ ಹಿಂಜರಿಕೆ. ಎರಡನೇ ವಾರ ಪಕ್ಕದ ಮನೆಯವರು ಹೋಗ್ತಾ ನಿಂತು ಏನ್ ಸಾರ್ ಗೋಡೆ ಅಂದ್ರು, ಅಲ್ಲಿಂದ ಶುರು. ಅವರ ಹೆಸರು ಗೊತ್ತಾಯ್ತು, ಮಗಳು ಓದ್ತಿರೋದು ಏನು ಗೊತ್ತಾಯ್ತು, ಆ ಹಾರ್ನ್ ಒಂದು ವೈರಿಂಗ್ ತೊಂದರೆ ಅಂತಲೂ ಗೊತ್ತಾಯ್ತು. ಎದುರು ಮನೆ ಹುಡುಗ ಬಿದ್ದ ಇಟ್ಟಿಗೆನ ಸ್ಟಂಪ್ ಮಾಡ್ಕೊಂಡ.

ಕೊನೆಗೆ ಗಾರೆ ಕೆಲಸದೋರು ಬಂದು ಎಷ್ಟೆತ್ತರ ಅಂತ ಕೇಳಿದ್ರು. ನಾನು ಮೂರಡಿ ಅಂದೆ, ಓನರ್ ಫೋನಲ್ಲಿ ಆರಡಿ ಅಂದ್ರು, ಎಳೆದಾಡಿ ಎಳೆದಾಡಿ ಐದಕ್ಕೆ ನಿಂತ್ತು, ಅಂದ್ರೆ ನಾನು ಸೋತೆ. ಆದ್ರೆ ಉಳಿದ ಇಟ್ಟಿಗೆಲಿ ಗೇಟ್ ಹೊರಗಡೆ, ರಸ್ತೆ ಕಡೆಗೆ, ಮೂರಡಿ ಉದ್ದದ ಒಂದು ಕಟ್ಟೆ ಮಾಡಿಕೊಡಿ ಅಂತ ಮೇಸ್ತ್ರಿಗೆ ಮೆಲ್ಲಗೆ ಹೇಳಿದೆ, ಓನರ್‌ಗೆ ಇನ್ನೂ ಗೊತ್ತಿಲ್ಲ. ಸದ್ಯಕ್ಕೆ ಅದರ ಮೇಲೆ ಜಾಸ್ತಿ ಕೂರೋದು ಆ ರಸ್ತೆ ಮಧ್ಯೆ ಮಲಗ್ತಿದ್ದ ನಾಯಿ.